ಹುಷಾರಿಲ್ಲದ ಮಗುವನ್ನು ಯಾವಾಗ ಶಾಲೆಗೆ ಕಳಿಸಬೇಕು, ಯಾವಾಗ ಮನೆಯಲ್ಲಿ ಇಟ್ಟುಕೊಳ್ಳಬೇಕು?

ಮಗಳು ಎರಡನೇ ತರಗತಿ, ‘ಹುಷಾರಿಲ್ಲದ ಮಕ್ಕಳನ್ನು ಕಳಿಸಬೇಡಿ’ ಅಂತ ಶಾಲೆಯಿಂದ ಚೀಟಿ ಬಂದಿದೆ, ಗಂಡ ಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗುವವರು, ಹಾಗಾದರೆ ಪ್ರತಿ ನೆಗಡಿಗೂ ಮನೆಯಲ್ಲಿ ಇಟ್ಟುಕೊಳ್ಳಬೇಕಾ ಅಂತ ಕೇಳಿದ್ದೀರಿ. ನಾನು ಕಲಬುರಗಿಯಲ್ಲಿ ಸಣ್ಣ ತರಗತಿಗಳಿಗೆ ಪಾಠ ಮಾಡುವ ಟೀಚರ್. ಈ ಪ್ರಶ್ನೆಯನ್ನು ಪಾಲಕರು ನನ್ನ ಹತ್ತಿರವೂ ಕೇಳುತ್ತಲೇ ಇರುತ್ತಾರೆ.

ಬರೀ ನೆಗಡಿಗೆ ಬೇಡ. ಮೂಗು ಸೋರುತ್ತಿದ್ದರೂ ಉಂಡು, ಆಡಿಕೊಂಡು ಇದ್ದಾಳೆ ಅಂದರೆ ಕಳಿಸಿ, ಜೊತೆಗೆ ಒಂದು ಕರವಸ್ತ್ರ ಕೊಡಿ. ತಲೆಯಲ್ಲಿ ಹೇನಾಗಿದೆ ಅಂತ ಶಾಲೆ ಬಿಡಿಸುವವರೂ ಇದ್ದಾರೆ. ಅದೂ ಬೇಡ, ಸಂಜೆ ಸೀರಣಿಗೆ ಹಿಡಿದು ಕೂತರೆ ಆಯಿತು.

ಜ್ವರದ ಮಾತು ಬೇರೆ. ಥರ್ಮಾಮೀಟರ್ 100.4 ಡಿಗ್ರಿ ಅಥವಾ ಜಾಸ್ತಿ ತೋರಿಸಿದರೆ ಕಳಿಸಬೇಡಿ. ಔಷಧ ಕೊಡದೆಯೂ ಪೂರ್ತಿ 24 ಗಂಟೆ ಜ್ವರ ಬರಲಿಲ್ಲ ಅಂದಮೇಲೆ ಕಳಿಸಿ. ‘ಔಷಧ ಕೊಡದೆ’ ಅನ್ನುವುದನ್ನು ಮರೆಯಬೇಡಿ. ಮುಂಜಾನೆ ಎಂಟಕ್ಕೆ ಪ್ಯಾರಸಿಟಮಾಲ್ ಕುಡಿಸಿದರೆ ಮೈ ತಣ್ಣಗಾಗುತ್ತದೆ, ಮಗು ನಗುತ್ತಾ ಬ್ಯಾಗ್ ಏರಿಸಿಕೊಂಡು ಬರುತ್ತದೆ. ಅದರ ಕೆಲಸ ನಾಲ್ಕರಿಂದ ಆರು ಗಂಟೆ ಅಷ್ಟೇ. ಬಿಸಿಯೂಟದ ಹೊತ್ತಿಗೆ ನೋಡಿದರೆ ಮಗು ಡೆಸ್ಕಿನ ಮೇಲೆ ತಲೆ ಇಟ್ಟಿರುತ್ತದೆ, ಕುತ್ತಿಗೆ ಮುಟ್ಟಿದರೆ ಕೈ ಸುಡುತ್ತದೆ. ಏನಾಯಿತು ಅಂದರೆ, ‘ನಮ್ಮವ್ವ ಔಷಧ ಕುಡಿಸ್ಯಾಳ್ರಿ ಟೀಚರ್, ಯಾರಿಗೂ ಹೇಳಬ್ಯಾಡ ಅಂದಾಳ’ ಅನ್ನುತ್ತದೆ. ಆ ತಾಯಿ ಮೇಲೆ ನನಗೆ ಸಿಟ್ಟು ಬರುವುದಿಲ್ಲ. ಒಂದು ದಿನದ ಕೂಲಿ ಹೋದರೆ ಮನೆ ಹೇಗೆ ನಡೆಯುತ್ತದೆ ಅಂತ ನನಗೂ ಗೊತ್ತು. ಆದರೆ ಅಷ್ಟರಲ್ಲಿ ಪಕ್ಕದ ಮಕ್ಕಳು ಅದೇ ನೀರಿನ ಬಾಟಲಿಗೆ ಬಾಯಿ ಹಚ್ಚಿ ಕುಡಿದಿರುತ್ತಾರೆ.

ಔಷಧದ ವಿಷಯ ಬಂದಿದ್ದಕ್ಕೆ ಇದನ್ನೂ ಹೇಳಿಬಿಡುತ್ತೇನೆ. ಮಕ್ಕಳ ಪ್ಯಾರಸಿಟಮಾಲ್ ಸಿರಪ್ ಎಲ್ಲಾ ಒಂದೇ ಅಲ್ಲ. 5 ಎಂಎಲ್‌ನಲ್ಲಿ 125 ಮಿಲಿಗ್ರಾಂ ಇರುವುದೂ ಸಿಗುತ್ತದೆ, 250 ಇರುವುದೂ ಸಿಗುತ್ತದೆ. ಅದೇ ಮುಚ್ಚಳದ ಅಳತೆ ಹಿಡಿದರೆ ಡೋಸ್ ಎರಡರಷ್ಟಾಗುತ್ತದೆ. ಮಗುವಿನ ತೂಕ ಹೇಳಿ, ಎಷ್ಟು ಕೊಡಬೇಕು ಅಂತ ಡಾಕ್ಟರ ಹತ್ತಿರ ಕೇಳಿ, ಬಾಟಲಿ ಮೇಲೇ ಬರೆದಿಟ್ಟುಕೊಳ್ಳಿ. ಅಣ್ಣನಿಗೆ ತಂದು ಉಳಿದ ಆ್ಯಂಟಿಬಯೋಟಿಕ್ ಅಂತೂ ತಂಗಿಗೆ ಕುಡಿಸಲೇಬೇಡಿ.

ವಾಂತಿ, ಭೇದಿ ಆಗುತ್ತಿದ್ದರೆ ಅದು ನಿಂತು ಒಂದೆರಡು ದಿನ ಕಳೆಯಲಿ. ಓಆರ್‌ಎಸ್‌ನ ದೊಡ್ಡ ಪಾಕೀಟನ್ನು ಒಂದು ಲೀಟರ್ ನೀರಿಗೆ ಪೂರ್ತಿ ಸುರಿಯಿರಿ, ಲೋಟಕ್ಕೆ ಚೂರು ಚೂರು ಹಾಕಿದರೆ ಅಳತೆ ತಪ್ಪುತ್ತದೆ. ಅಮ್ಮ, ಅಂದರೆ ಚಿಕನ್‌ಪಾಕ್ಸ್, ಎದ್ದಿದ್ದರೆ ಎಲ್ಲಾ ಗುಳ್ಳೆ ಒಣಗಿ ಹೊಪ್ಪಳೆ ಕಟ್ಟುವ ತನಕ ಕಳಿಸಬೇಡಿ, ಅದಕ್ಕೆ ಐದಾರು ದಿನ ಬೇಕು. ಬೇವಿನ ಸೊಪ್ಪು ಕಟ್ಟಿ, ಮನೆಯಲ್ಲಿ ಒಗ್ಗರಣೆ ಬಿಟ್ಟು, ಹೊರಗೆ ಯಾರಿಗೂ ಹೇಳದೆ ಇರುವ ಮನೆಗಳಿವೆ. ನಿಮ್ಮ ನಂಬಿಕೆ ನಿಮ್ಮದು, ಆದರೆ ಶಾಲೆಗೆ ಅವತ್ತೇ ತಿಳಿಸಿ. ಗುಳ್ಳೆ ಕಾಣುವ ಒಂದೆರಡು ದಿನ ಮೊದಲೇ ಅದು ಹರಡಲು ಶುರುವಾಗಿರುತ್ತದೆ. ತರಗತಿಯಲ್ಲಿ ಬಸುರಿ ಟೀಚರ್ ಇದ್ದು, ಅವರಿಗೆ ಮೊದಲು ಈ ಕಾಯಿಲೆ ಬಂದಿರದಿದ್ದರೆ ಅವರಿಗೂ ಹೊಟ್ಟೆಯಲ್ಲಿರುವ ಕೂಸಿಗೂ ಅಪಾಯ. ದಡಾರ ಆದರೂ ಅಷ್ಟೇ, ಕೂಡಲೇ ಹೇಳಿ. ಮೈಮೇಲೆ ಕೆಂಪು ಎದ್ದ ಮೇಲೆ ಕನಿಷ್ಠ ನಾಲ್ಕು ದಿನ ಶಾಲೆ ಬೇಡ.

ಮಳೆಗಾಲದಲ್ಲಿ ನನಗೆ ಹೆಚ್ಚು ಭಯ ಡೆಂಗಿಯದು. ನಮ್ಮಲ್ಲಿ ನಲ್ಲಿ ನೀರು ದಿನಾ ಬರುವುದಿಲ್ಲ, ಮನೆಮನೆಯಲ್ಲೂ ಡ್ರಮ್ ತುಂಬಿಡುತ್ತೇವೆ. ಡೆಂಗಿ ಸೊಳ್ಳೆ ಮೊಟ್ಟೆ ಇಡುವುದು ಅಲ್ಲೇ, ಕಚ್ಚುವುದು ಹಗಲಲ್ಲಿ. ವಾರಕ್ಕೊಮ್ಮೆ ಡ್ರಮ್ ಉಜ್ಜಿ ತೊಳೆದು ಮುಚ್ಚಿಡಿ. ಡೆಂಗಿಯಲ್ಲಿ ಜ್ವರ ಬಿಟ್ಟ ಹೊತ್ತೇ ಕೆಲವೊಮ್ಮೆ ಕೆಟ್ಟ ಹೊತ್ತು. ಮೂರನೇ ದಿನದಿಂದ ಏಳನೇ ದಿನದ ಒಳಗೆ ಜ್ವರ ಇಳಿದು, ಹೊಟ್ಟೆ ನೋವು, ಮೇಲಿಂದ ಮೇಲೆ ವಾಂತಿ, ವಸಡಿನಲ್ಲಿ ರಕ್ತ, ಕೈಕಾಲು ತಣ್ಣಗಾಗುವುದು, ಮಂಪರು, ಇದರಲ್ಲಿ ಯಾವುದು ಕಂಡರೂ ಶಾಲೆಯ ಯೋಚನೆ ಬಿಟ್ಟು ನೇರ ಆಸ್ಪತ್ರೆಗೆ ಓಡಿ. ಡೆಂಗಿ ಅನುಮಾನ ಇದ್ದರೆ ಡಾಕ್ಟರು ಹೇಳದೆ ಐಬುಪ್ರೊಫೆನ್, ಆಸ್ಪಿರಿನ್ ಕೊಡಬೇಡಿ, ರಕ್ತಸ್ರಾವ ಜಾಸ್ತಿ ಆಗಬಹುದು.

ಹಾಜರಿ ಹೋಗುತ್ತದೆ ಅಂತ ಹೆದರಬೇಡಿ. ಎರಡನೇ ತರಗತಿಯ ಎರಡು ದಿನದ ಪಾಠವನ್ನು ನಾವು ಒಂದು ಮಧ್ಯಾಹ್ನದಲ್ಲಿ ಹೇಳಿಕೊಡುತ್ತೇವೆ. ಮಗುವನ್ನು ಯಾರು ನೋಡಿಕೊಳ್ಳುತ್ತಾರೆ ಅನ್ನುವುದೇ ನಿಮ್ಮ ನಿಜವಾದ ಕಷ್ಟ. ಅದಕ್ಕೆ ಜ್ವರ ಬರುವ ಮೊದಲೇ ಅಜ್ಜಿಯೋ, ಓಣಿಯ ಯಾರಾದರೂ ಅಕ್ಕನೋ, ಒಬ್ಬರನ್ನು ಮಾತಾಡಿ ಇಟ್ಟುಕೊಳ್ಳಿ. ಅವರ ಫೋನ್ ನಂಬರ್ ಕೂಡ ಶಾಲೆಯಲ್ಲಿ ಬರೆಸಿ. ನಮ್ಮ ರಿಜಿಸ್ಟರಿನಲ್ಲಿ ಎಷ್ಟೋ ಮಕ್ಕಳಿಗೆ ಇರುವುದು ಪುಣೆಯಲ್ಲೋ ಮುಂಬೈಯಲ್ಲೋ ದುಡಿಯುವ ಅಪ್ಪನ ನಂಬರ್ ಮಾತ್ರ. ಮಗು ಇಲ್ಲಿ ನಡುಗುತ್ತಿರುವಾಗ ಅಲ್ಲಿಂದ ಅವರು ಏನು ಮಾಡೋಕಾಗುತ್ತೆ? ಹತ್ತು ನಿಮಿಷದಲ್ಲಿ ಶಾಲೆಗೆ ಬರಬಲ್ಲವರ ನಂಬರ್ ಕೊಡಿ. ಉಬ್ಬಸ, ಮೂರ್ಛೆ ರೋಗ, ಯಾವುದಾದರೂ ಔಷಧದ ಅಲರ್ಜಿ ಇದ್ದರೆ ಅದನ್ನೂ ಕ್ಲಾಸ್ ಟೀಚರಿಗೆ ಅವತ್ತೇ ಬರೆದು ಕೊಡಿ.