ಓದುಗರ ಪ್ರಶ್ನೆ: ಮಳೆಗಾಲದಲ್ಲಿ ಅಂಟಿಕೊಂಡ ಅಂಚೆಚೀಟಿ

ಪ್ರಶ್ನೆ: ಅಮೆರಿಕದ ಅಂಚೆ ಇಲಾಖೆ 2000ರಲ್ಲಿ ತಂದ ‘ಯೂತ್ ಟೀಮ್ ಸ್ಪೋರ್ಟ್ಸ್’ ಚೀಟಿಗಳು ಮಗನ ಬಳಿ ಇವೆ, ಬಳಸದವು. ಆರಿದ್ರಾ ಮಳೆ ಮುಗಿಯುವಷ್ಟರಲ್ಲಿ ಆಲ್ಬಮ್ಮಿನ ಹಾಳೆಗೆ ಅಂಟಿಬಿಟ್ಟಿವೆ. ನೀರಲ್ಲಿ ನೆನೆಸಬಹುದೇ?
– ತೀರ್ಥಹಳ್ಳಿಯ ಓದುಗರು

ಉತ್ತರ: ಬೇಡ. ಠಸ್ಸೆ ಬೀಳದ ಚೀಟಿಗೆ ಬೆಲೆ ಬರುವುದು ಹಿಂಬದಿಯ ಗೋಂದಿನಿಂದಲೂ ಹೌದು. ನೆನೆಸಿದರೆ ಅದು ತೊಳೆದುಹೋಗುತ್ತದೆ. ಬ್ಯಾಸ್ಕೆಟ್‌ಬಾಲ್, ಅಮೆರಿಕನ್ ಫುಟ್‌ಬಾಲ್, ಸಾಕರ್, ಬೇಸ್‌ಬಾಲ್ ಎಂದು ಈ 33 ಸೆಂಟಿನ ನಾಲ್ಕು ಚೀಟಿಗಳು ಕೂಡಿಕೊಂಡೇ ಅಚ್ಚಾದವು. ಇನ್ನೂ ಜೊತೆಗಿದ್ದರೆ ತೂತಿನ ಗೆರೆಯಲ್ಲಿ ಹರಿಯಲೇಬೇಡಿ.

ಚೀಟಿಯ ಸುತ್ತ ಅಂಚು ಬಿಟ್ಟು ಹಾಳೆ ಕತ್ತರಿಸಿ. ಅಗಲ ಬಾಯಿಯ ಡಬ್ಬಿಯ ತಳದಲ್ಲಿ ಚೆನ್ನಾಗಿ ಹಿಂಡಿದ ಒದ್ದೆ ಸ್ಪಂಜು, ಅದಕ್ಕಿಂತ ಎರಡು ಸೆಂ.ಮೀ. ಮೇಲೆ ಪ್ಲಾಸ್ಟಿಕ್ ಜಾಲರಿ. ಚಿತ್ರ ಮೇಲಾಗಿ ಅದರ ಮೇಲಿಟ್ಟು ಮುಚ್ಚಿ. ಮುಚ್ಚಳದ ಒಳಗೆ ಬ್ಲಾಟಿಂಗ್ ಪೇಪರ್ ಹಚ್ಚಿರಬೇಕು, ಇಲ್ಲದಿದ್ದರೆ ಹನಿ ಬಿದ್ದು ಕಲೆಯಾಗುತ್ತದೆ. ಅರ್ಧ ಗಂಟೆಗೊಮ್ಮೆ ನೋಡಿ. ಮೂಲೆ ತಾನಾಗಿ ಎದ್ದಾಗ ಚಪ್ಪಟೆ ಚಿಮುಟ ತೂರಿಸಿ. ಎಳೆದರೆ ಕಾಗದದ ಪದರವೇ ಸುಲಿಯುತ್ತದೆ. ಬಿಡಿಸಿದ್ದನ್ನು ಗೋಂದು ಮೇಲಾಗಿ ಒಣಗಲು ಬಿಡಿ, ಪೂರ್ತಿ ಒಣಗಿದ ಮೇಲಷ್ಟೇ ಪುಸ್ತಕದಡಿ ಇಡಿ. ಗೋಂದು ಮೊದಲಿನ ನುಣುಪಿಗೆ ಬಾರದು, ಅದಕ್ಕೆ ಮದ್ದಿಲ್ಲ. ಸ್ಟಿಕ್ಕರ್ ಜಾತಿಯ ಅಂಟಿಗೆ ಈ ಉಪಾಯ ನಡೆಯದು.

ಪ್ರಶ್ನೆ: ಮುಂದಿನ ಮಳೆಗಾಲಕ್ಕೆ ಆಲ್ಬಮ್ಮನ್ನು ಒಲೆಯ ಮೇಲಿನ ಅಟ್ಟದಲ್ಲಿಟ್ಟರೆ?
– ಹೊಸನಗರದ ಓದುಗರು

ಉತ್ತರ: ಅಟ್ಟ ಮೆಣಸಿಗೆ, ಅಡಿಕೆಗೆ ಸರಿ. ಚೀಟಿಗೆ ಹೊಗೆಮಸಿ ಹಿಡಿದು ಗೋಂದು ಬಿರಿಯುತ್ತದೆ. ಗಾಳಿಯಾಡದ ಡಬ್ಬಿಯಲ್ಲಿ ಆಲ್ಬಮ್ಮನ್ನು ನಿಲ್ಲಿಸಿಡಿ. ಒಂದರ ಮೇಲೊಂದು ಪೇರಿಸಿದರೆ ಭಾರಕ್ಕೇ ಅಂಟುತ್ತದೆ. ಜೊತೆಗೆ ತೇವ ಹೀರುವ ಸಿಲಿಕಾ ಜೆಲ್ಲಿನ 50 ಗ್ರಾಂ ಬಟ್ಟೆಚೀಲ. ಕಿತ್ತಳೆ ಹರಳು ಹಸಿರಾದರೆ, ಅಡುಗೆಗೆ ಬಳಸದ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಬಣ್ಣ ಮರಳುವವರೆಗೆ ಬಿಸಿಮಾಡಿ. ಕಟು ವಾಸನೆಯ ಪಿವಿಸಿ ಹಾಳೆ ಬೇಡವೇ ಬೇಡ.

ಪ್ರಶ್ನೆ: ಮಕ್ಕಳ ಸಂಗ್ರಹಕ್ಕೆ ವಿದ್ಯಾರ್ಥಿವೇತನವಿದೆಯೇ?
– ಸಾಗರದ ಶಿಕ್ಷಕರು

ಉತ್ತರ: ಇದೆ. ಅಂಚೆ ಇಲಾಖೆಯ ದೀನ್ ದಯಾಳ್ ಸ್ಪರ್ಶ್ ಯೋಜನೆಯಲ್ಲಿ 6ರಿಂದ 9ನೇ ತರಗತಿಯವರಿಗೆ ವರ್ಷಕ್ಕೆ 6,000 ರೂಪಾಯಿ. ಶಾಲೆಯಲ್ಲಿ ಫಿಲಾಟೆಲಿ (ಅಂಚೆಚೀಟಿ ಸಂಗ್ರಹ) ಕ್ಲಬ್ ಇರಬೇಕು, ಇಲ್ಲವೇ ಮಗುವಿನ ಹೆಸರಲ್ಲಿ ಫಿಲಾಟೆಲಿ ಠೇವಣಿ ಖಾತೆ, ಅಂದರೆ ಹೊಸ ಚೀಟಿಗಳಿಗಾಗಿ ಅಂಚೆ ಇಲಾಖೆಯಲ್ಲಿ ಮುಂಗಡ ಹಣವಿಡುವ ಖಾತೆ. ಮೊದಲು ಕ್ವಿಜ್, ಆಯ್ಕೆಯಾದವರಿಗೆ ಪ್ರಾಜೆಕ್ಟ್. ತಂಡದಾಟವೇ ವಿಷಯವಾದರೆ 1966ರ ಹಾಕಿ ವಿಜಯದ ಚೀಟಿ, 1990ರ ಏಷ್ಯನ್ ಕ್ರೀಡಾಕೂಟದ ಕಬಡ್ಡಿ ಚೀಟಿಯಿಂದ ಶುರುಮಾಡಿಸಿ.