ಮಂಚದ ಕೆಳಗಿಂದ ಹೊರಗೇ ಬರುತ್ತಿಲ್ಲ!

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಒಂದೇ ವಿಷಯದವು. ದತ್ತು ತಂದ ನಾಯಿ ಹೆದರಿಕೊಂಡಿದೆ, ಏನು ಮಾಡೋದು ಅಂತ. ಹಾಗಾಗಿ ಉಣುಗು, ಚರ್ಮದ ತುರಿಕೆ ಬಗ್ಗೆ ಕೇಳಿದವರು ಮುಂದಿನ ಸಂಚಿಕೆವರೆಗೆ ಕಾಯಬೇಕು. ಬೇಸರ ಮಾಡಿಕೊಳ್ಳಬೇಡಿ.

ಪ್ರಶ್ನೆ: ಶೆಲ್ಟರ್‌ನಿಂದ ಎರಡು ವರ್ಷದ ಹೆಣ್ಣು ನಾಯಿ ತಂದು ಐದು ದಿನವಾಯಿತು. ಬಂದ ಗಳಿಗೆಯಲ್ಲೇ ಮಂಚದ ಕೆಳಗೆ ಸೇರಿಕೊಂಡಿತು. ನಾವು ಮಲಗಿದ ಮೇಲೆ ಎದ್ದು ಬಂದು ನೀರು ಕುಡಿಯುತ್ತದೆ, ಸ್ವಲ್ಪ ತಿನ್ನುತ್ತದೆ, ಮತ್ತೆ ಒಳಗೆ. ಮಗಳು ಬಿಸ್ಕತ್ತು ಹಿಡಿದು ಕೈ ಚಾಚಿದರೆ ಮುಖ ತಿರುಗಿಸುತ್ತದೆ. ಹೊರಗೆ ಕರೆದುಕೊಂಡು ಹೋಗೋಣ ಅಂತ ನಮ್ಮ ಯಜಮಾನರು ನಿನ್ನೆ ಕಾಲರ್ ಹಿಡಿದು ಎಳೆದರೆ ಗುರ್ ಎಂದಿತು. ವಾಪಸ್ ಕೊಟ್ಟುಬಿಡಿ ಎನ್ನುತ್ತಿದ್ದಾರೆ ಎಲ್ಲರೂ. ನಾವೇನು ತಪ್ಪು ಮಾಡುತ್ತಿದ್ದೇವೆ?

ಉತ್ತರ: ಕಾಲರ್ ಹಿಡಿದು ಎಳೆದದ್ದೊಂದು ಬಿಟ್ಟರೆ ಏನೂ ಇಲ್ಲ. ಒಳ್ಳೆಯ ಸುದ್ದಿಯನ್ನು ನೀವೇ ಬರೆದಿದ್ದೀರಿ, ಗಮನಿಸಿಲ್ಲ ಅಷ್ಟೆ. ರಾತ್ರಿ ಎದ್ದು ಬರುತ್ತಿದೆ, ಕುಡಿಯುತ್ತಿದೆ, ತಿನ್ನುತ್ತಿದೆ. ಮನೆ ತಣ್ಣಗಾದಾಗ ಓಡಾಡುವಷ್ಟು ಧೈರ್ಯ ಅದಕ್ಕೆ ಆಗಲೇ ಬಂದಿದೆ. ಆ ತಣ್ಣನೆಯ ಹೊತ್ತನ್ನು ಸ್ವಲ್ಪ ಸ್ವಲ್ಪವೇ ಹಗಲಿಗೂ ತರಬೇಕು.

ಶೆಲ್ಟರ್ ಗಲಾಟೆಯ ಜಾಗ ನಿಜ. ಆದರೆ ಊಟ ಯಾವಾಗ ಬರುತ್ತದೆ, ಯಾವ ಹೆಜ್ಜೆ ಸಪ್ಪಳ ಯಾರದು ಅಂತ ಅದಕ್ಕೆ ಗೊತ್ತಿತ್ತು. ನಿಮ್ಮ ಮನೆಯಲ್ಲಿ ಏನೂ ಗೊತ್ತಿಲ್ಲ. ಜಾರುವ ನೆಲ, ಮಿಕ್ಸಿ, ಫ್ಲಷ್ ಸದ್ದು, ಕನ್ನಡಿಯೊಳಗೆ ಇನ್ನೊಂದು ನಾಯಿ! ಮನುಷ್ಯರ ಕಿವಿಗೆ ಹೆಚ್ಚೆಂದರೆ 20,000 ಹರ್ಟ್ಸ್‌ವರೆಗಿನ ಸದ್ದು ಕೇಳುತ್ತದೆ. ನಾಯಿಗೆ 40,000 ದಾಟಿದ್ದೂ ಕೇಳುತ್ತದೆ. ನಿಮಗೆ ಸದ್ದೇ ಇಲ್ಲ ಅನ್ನಿಸುವ ಕೋಣೆಯಲ್ಲಿ ಅದಕ್ಕೆ ಯಾವುದೋ ಚಾರ್ಜರ್ ಕಿರುಗುಟ್ಟುತ್ತಿರಬಹುದು.

ಹೊಸ ನಾಯಿಗೆ ನಾನು ಮೊದಲು ಕೊಡುವುದು 'ಬೇಡ' ಅನ್ನುವ ಅವಕಾಶ. ಮುದ್ದು ಆಮೇಲೆ. ನಿಮ್ಮ ನಾಯಿ ಐದು ದಿನದಿಂದ 'ಬೇಡ' ಅನ್ನುತ್ತಲೇ ಇದೆ. ಮಗಳ ಬಿಸ್ಕತ್ತಿಗೆ ಮುಖ ತಿರುಗಿಸಿದ್ದು ಒಂದು 'ಬೇಡ'. ತುಟಿ ನೆಕ್ಕುವುದು, ನಿದ್ದೆ ಬಾರದಿದ್ದರೂ ಆಕಳಿಸುವುದು, ಕಣ್ಣಿನ ಬಿಳಿ ಭಾಗ ಕಾಣುವ ಹಾಗೆ ಓರೆಗಣ್ಣಲ್ಲಿ ನೋಡುವುದು, ಇದ್ದಕ್ಕಿದ್ದಂತೆ ಕಲ್ಲಾಗಿಬಿಡುವುದು, ಇವೆಲ್ಲ ಅದೇ ಮಾತು. ಮೆಲ್ಲಗೆ ಹೇಳಿದ್ದು ಯಾರಿಗೂ ಕೇಳದಿದ್ದಾಗ ಜೋರಾಗಿ ಹೇಳಿತು, ಗುರ್ ಅಂತ. ಅದಕ್ಕೆ ಬೈಯಲೇಬೇಡಿ. ಗುರ್ ಅನ್ನುವುದನ್ನು ಗದರಿಸಿ ನಿಲ್ಲಿಸಬಹುದು, ಆದರೆ ಭಯ ಹಾಗೇ ಇರುತ್ತದೆ. ಎಚ್ಚರಿಕೆ ಕೊಟ್ಟರೆ ಏಟು ಅಂತ ಕಲಿತ ನಾಯಿ ಮುಂದಿನ ಸಲ ಎಚ್ಚರಿಕೆ ಕೊಡದೆ ಕಚ್ಚುತ್ತದೆ. 'ಯಾವ ಸೂಚನೆಯೂ ಇಲ್ಲದೆ ಕಚ್ಚಿಬಿಟ್ಟಿತು' ಅಂತ ನನಗೆ ಬರುವ ದೂರುಗಳಲ್ಲಿ ಬಹಳಷ್ಟು ಹೀಗೆ ಹುಟ್ಟಿದವು.

ಹಾಗಾದರೆ ಈಗೇನು? ಮಂಚದ ಕೆಳಗೆ ಒಂದು ಹಳೆಯ ಹೊದಿಕೆ ಹಾಸಿಕೊಡಿ. ನೀರಿನ ಬಟ್ಟಲು ಹತ್ತಿರ ಇಡಿ. ಯಾರೂ ಬಗ್ಗಿ ಇಣುಕಬಾರದು, ಅತಿಥಿಗಳು ಬಂದರೂ ಸರಿ. ಜನರ ಓಡಾಟ ಕಡಿಮೆ ಇರುವ ಮೂಲೆಯಲ್ಲಿ ಇನ್ನೊಂದು ಅಡಗುತಾಣವನ್ನೂ ಮಾಡಿ. ಬಾಗಿಲು ತೆರೆದಿಟ್ಟ ಕ್ರೇಟ್ (ನಾಯಿಯ ಪಂಜರ) ಆಗಬಹುದು, ಮೇಜಿನ ಮೇಲೆ ಬೆಡ್‌ಶೀಟ್ ಇಳಿಬಿಟ್ಟರೂ ನಡೆಯುತ್ತದೆ. ಊಟ, ವಾಕಿಂಗ್, ದೀಪ ಆರಿಸುವುದು ಎಲ್ಲ ದಿನವೂ ಹೆಚ್ಚುಕಡಿಮೆ ಒಂದೇ ಹೊತ್ತಿಗೆ ಆಗಲಿ. ಮುಂದೇನು ಅಂತ ಗೊತ್ತಿರುವ ನಾಯಿಗೆ ಅರ್ಧ ಭಯ ಕಡಿಮೆ.

ಮಗಳಿಗೆ ಹೇಳಿ, ಬಿಸ್ಕತ್ತು ಹಿಡಿದು ಕೈ ಚಾಚುವುದು ಸದ್ಯಕ್ಕೆ ಬೇಡ. ಇದು ಎಲ್ಲರೂ ಮಾಡುವ ಕೆಲಸ, ನೋಡಲು ಪ್ರೀತಿಯದೇ. ಆದರೆ ನಾಯಿಯನ್ನು ಇಕ್ಕಟ್ಟಿಗೆ ಸಿಕ್ಕಿಸುತ್ತದೆ. ಹೊಟ್ಟೆ ಮುಂದಕ್ಕೆ ಎಳೆಯುತ್ತದೆ, ಭಯ ಹಿಂದಕ್ಕೆ. ಹೇಗೋ ಬಂದು ತಿನ್ನುತ್ತದೆ. ತಿಂದು ಮುಗಿದ ಮೇಲೆ ತಲೆ ಎತ್ತಿದರೆ ಮನುಷ್ಯ ಮೂಗಿನ ಮುಂದೆಯೇ! ಬಾಯಿ ಹಾಕುವುದು ಆ ಕ್ಷಣದಲ್ಲೇ. ಅದರ ಬದಲು ಮಗಳು ಮಂಚದಿಂದ ದೂರದಲ್ಲಿ ನೆಲದ ಮೇಲೆ ಕೂರಲಿ. ಪಕ್ಕಕ್ಕೆ ತಿರುಗಿ, ನಾಯಿಯನ್ನು ದಿಟ್ಟಿಸದೆ. ಮಾಮೂಲಿ ದನಿಯಲ್ಲಿ ಪಾಠ ಓದಿಕೊಳ್ಳಲಿ. ಆಗಾಗ ಬೇಯಿಸಿದ ಕೋಳಿ ಮಾಂಸದ ಸಣ್ಣ ಚೂರು ಎಸೆಯಲಿ, ತನ್ನ ಹತ್ತಿರಕ್ಕಲ್ಲ, ನಾಯಿಯ ಬೆನ್ನ ಹಿಂದಕ್ಕೆ. ತಿನ್ನಲು ಅದು ದೂರ ಹೋಗಬೇಕು. ತಿಂದ ಮೇಲೆ ಹತ್ತಿರ ಬರುವುದೋ ಬಿಡುವುದೋ ಅದರ ಇಷ್ಟ. ಕೆಲವು ದಿನಗಳಲ್ಲಿ ಅದೇ ತಿರುಗಿ ಬಂದು 'ಮುಂದಿನ ಚೂರು ಎಲ್ಲಿ?' ಅಂತ ನೋಡಲು ಶುರು ಮಾಡುತ್ತದೆ.

ನನ್ನ ಮನೆಯಲ್ಲಿ ಈಗ ಸೋಫಾ ಪೂರ್ತಿ ತನ್ನದೇ ಅಂತ ಕಾಲು ಚಾಚುವ ಕಂದು ನಾಯಿ, ಬಂದ ಹೊಸತರಲ್ಲಿ ವಾಷಿಂಗ್ ಮಷೀನ್ ಹಿಂದೆ ಸಂಸಾರ ಹೂಡಿತ್ತು. ನಾನು ಬಟ್ಟೆ ಕೈಯಲ್ಲೇ ಒಗೆಯುತ್ತಾ, ಬಿಡುವಾದಾಗ ಮಷೀನ್ ಪಕ್ಕ ಕೂತು ಕರೆಂಟ್ ಬಿಲ್, ಔಷಧಿ ಚೀಟಿ, ಕೈಗೆ ಸಿಕ್ಕಿದ್ದನ್ನೆಲ್ಲ ಗಟ್ಟಿಯಾಗಿ ಓದುತ್ತಿದ್ದೆ. ಅದು ಮೊದಲು ನನ್ನನ್ನು ಮುಟ್ಟಿದ್ದು ಕಾಲಿನ ಹೆಬ್ಬೆರಳಿಗೆ, ಮೂಗಿನ ತುದಿಯಿಂದ. ನಾನು ಬಿಲ್ ಓದುವುದನ್ನು ಮುಂದುವರಿಸಿದೆ. ಆಗ ತಲೆ ಸವರಲು ಹೋಗಿದ್ದರೆ ಮತ್ತೆ ಮಷೀನ್ ಹಿಂದಿನಿಂದ ಶುರು ಮಾಡಬೇಕಿತ್ತು.

ಅದು ತಾನಾಗಿ ಹತ್ತಿರ ಬಂದ ಮೇಲೆ ಎದೆ ಅಥವಾ ಕತ್ತಿನ ಪಕ್ಕ ಮೂರು ಸೆಕೆಂಡ್ ಕೆರೆದು ಕೈ ನಿಲ್ಲಿಸಿ. ಇನ್ನೂ ಬೇಕು ಅಂತ ಒರಗಿದರೆ ಮುಂದುವರಿಸಿ. ಸುಮ್ನೆ ನಿಂತರೆ ಸಾಕು ಅಂತ ಅರ್ಥ. ಮೇಲಿಂದ ಕೈ ತಂದು ತಲೆ ತಟ್ಟುವುದು ತುಂಬಾ ನಾಯಿಗಳಿಗೆ ಇಷ್ಟವಿಲ್ಲ.

ಇನ್ನು ಕಾಲರ್ ವಿಷಯ. ಹಾರ್ನೆಸ್, ಅಂದರೆ ಎದೆ-ಬೆನ್ನು ಸುತ್ತಿ ಕಟ್ಟುವ ಪಟ್ಟಿ, ಹಾಕಿಸಿಕೊಳ್ಳುವಷ್ಟು ನಂಬಿಕೆ ಬಂದ ಮೇಲೆ, ಅದಕ್ಕೊಂದು ಹಗುರವಾದ ಉದ್ದ ದಾರ ಕಟ್ಟಿ ಮನೆಯೊಳಗೆ ಎಳೆದಾಡಲು ಬಿಡಿ, ಯಾರಾದರೂ ನೋಡುತ್ತಿರುವಾಗ ಮಾತ್ರ. ಹೊರಗೆ ಹೋಗಲು ದಾರದ ತುದಿ ಹಿಡಿದರೆ ಸಾಕು, ಮೈಮೇಲೆ ಕೈ ಹೋಗಬೇಕಿಲ್ಲ. ಹೊರಗೆ ಮಾತ್ರ ಎರಡು ಲೀಶ್, ಒಂದು ಹಾರ್ನೆಸ್‌ಗೆ, ಒಂದು ಕಾಲರ್‌ಗೆ. ಹೆದರಿದ ನಾಯಿ ಹಿಂದಕ್ಕೆ ಜಗ್ಗಿ ಕಾಲರ್‌ನಿಂದ ತಲೆ ಬಿಡಿಸಿಕೊಳ್ಳುವುದು ಕಣ್ಣು ಮಿಟುಕಿಸುವಷ್ಟರಲ್ಲಿ. ಮೊದಲ ವಾರಗಳಲ್ಲಿ ಕಳೆದುಹೋಗುವ ಅಪಾಯ ಜಾಸ್ತಿ, ಏಕೆಂದರೆ ಓಡಿ ವಾಪಸ್ ಬರಲು ಅದಕ್ಕೆ ನಿಮ್ಮ ಮನೆ ಇನ್ನೂ ಮನೆಯಾಗಿಲ್ಲ. ಫೋನ್ ನಂಬರ್ ಇರುವ ಬಿಲ್ಲೆ ಇಂದೇ ಹಾಕಿ. ಚರ್ಮದ ಕೆಳಗೆ ಕೂರಿಸಿದ ಮೈಕ್ರೋಚಿಪ್ ಇದೆ ಅಂತ ನಿಶ್ಚಿಂತೆ ಬೇಡ. ಚಿಪ್‌ನಲ್ಲಿರುವುದು ಒಂದು ಸಂಖ್ಯೆ, ಸಾಮಾನ್ಯವಾಗಿ 15 ಅಂಕಿಯದು. ಅದು ಜಿಪಿಎಸ್ ಅಲ್ಲ. ನೋಂದಣಿಯಲ್ಲಿ ನಿಮ್ಮ ವಿಳಾಸ ಬರೆಸದಿದ್ದರೆ ಆ ಸಂಖ್ಯೆಯಿಂದ ಏನೂ ಉಪಯೋಗವಿಲ್ಲ.

ವೈದ್ಯರ ಹತ್ತಿರ ಯಾವಾಗ? ಇಡೀ ದಿನ ನೀರು ಮುಟ್ಟದಿದ್ದರೆ, ಎರಡು ದಿನ ಏನೂ ತಿನ್ನದಿದ್ದರೆ, ವಾಂತಿಯಾದರೆ, ಭೇದಿ ನಿಲ್ಲದಿದ್ದರೆ ಅಥವಾ ಅದರಲ್ಲಿ ರಕ್ತ ಕಂಡರೆ. ಮರಿಯಾದರೆ ಇಷ್ಟು ಹೊತ್ತೂ ಕಾಯಬಾರದು. ಕಿವಿ ಸೋಂಕು, ಹಲ್ಲು ನೋವು, ಕೀಲು ನೋವು ಇದ್ದರೂ ನಾಯಿ ಮುಟ್ಟಿಸಿಕೊಳ್ಳುವುದಿಲ್ಲ. ಅದನ್ನೂ ನೋಡಿಸಿ.

ಐದು ದಿನಕ್ಕೆ ವಾಪಸ್ ಕೊಡುವ ಮಾತು ಬೇಡ. ಮೂರು ದಿನ, ಮೂರು ವಾರ, ಮೂರು ತಿಂಗಳು ಅಂತ ನಾಯಿ ಸಾಕುವವರು ಒಂದು ಲೆಕ್ಕ ಹೇಳುತ್ತಾರೆ. ಮೂರು ದಿನಕ್ಕೆ ಗಾಬರಿ ಇಳಿಯುತ್ತದೆ, ಮೂರು ವಾರಕ್ಕೆ ದಿನಚರಿ ಗೊತ್ತಾಗುತ್ತದೆ, ಮೂರು ತಿಂಗಳಿಗೆ ಮನೆ ತನ್ನದಾಗುತ್ತದೆ ಅಂತ. ಅದು ಅಂದಾಜು, ಅಷ್ಟೆ. ಕ್ಯಾಲೆಂಡರ್ ಓದುವುದು ನಾವು, ನಾಯಿಯಲ್ಲ.

ಪ್ರಶ್ನೆ: ನಮ್ಮದು ಬಂಗಾರದಂಥ ನಾಯಿ. ಬಂದು ಮೂರು ದಿನ, ಒಮ್ಮೆಯೂ ಬೊಗಳಿಲ್ಲ. ಸ್ನಾನ ಮಾಡಿಸಿದರೂ ಅಲ್ಲಾಡುವುದಿಲ್ಲ. ಮಕ್ಕಳು ತಬ್ಬಿಕೊಂಡರೂ ಸುಮ್ಮನಿರುತ್ತದೆ. ಭಾನುವಾರ ಸ್ನೇಹಿತರನ್ನೆಲ್ಲ ಕರೆದು ಪರಿಚಯ ಮಾಡಿಸೋಣ ಅಂತಿದ್ದೇವೆ. ಏನಾದರೂ ಸಿದ್ಧತೆ ಬೇಕಾ?

ಉತ್ತರ: ಬೇಕು. ಎಲ್ಲರಿಗೂ ಫೋನ್ ಮಾಡಿ ಬರಬೇಡಿ ಅನ್ನಿ.

ನಿಮ್ಮ ಪತ್ರ ಓದಿ ಮೊದಲನೆಯ ಪತ್ರಕ್ಕಿಂತ ಜಾಸ್ತಿ ಚಿಂತೆಯಾಯಿತು. ಮಂಚದ ಕೆಳಗಿನ ನಾಯಿ ತನ್ನ ಭಯ ತೋರಿಸುತ್ತಿದೆ. ನಿಮ್ಮದು ಬಹುಶಃ ತೋರಿಸುವುದನ್ನೇ ಬಿಟ್ಟಿದೆ. ನೆಮ್ಮದಿಯ ನಾಯಿಯ ಮೈ ಸಡಿಲವಾಗಿರುತ್ತದೆ. ಅಡ್ಡ ಬಿದ್ದು ಕಾಲು ಚಾಚಿ ಮಲಗುತ್ತದೆ, ಕುತೂಹಲದಿಂದ ಮೂಸುತ್ತದೆ. ಭಯದಿಂದ ಮರಗಟ್ಟಿದ ನಾಯಿ ಬಾಲ ಮುದುರಿ, ಬಾಯಿ ಬಿಗಿಹಿಡಿದು, ಎಲ್ಲಿ ಇಟ್ಟರೆ ಅಲ್ಲೇ ಇರುತ್ತದೆ. ಸಂಶಯವಿದ್ದರೆ ಇಷ್ಟದ ತಿಂಡಿಯ ಚೂರೊಂದನ್ನು ಹತ್ತಿರ ಹಾಕಿ ನೋಡಿ. ಬೇರೆ ಹೊತ್ತಲ್ಲಿ ತಿನ್ನುವುದನ್ನು ಸ್ನಾನದ ಹೊತ್ತಿಗೆ, ಮಕ್ಕಳು ತಬ್ಬಿಕೊಂಡಾಗ ತಿನ್ನದಿದ್ದರೆ ಉತ್ತರ ಸಿಕ್ಕಿತು.

ತಬ್ಬುವುದು ಇವತ್ತೇ ನಿಲ್ಲಲಿ. ಸ್ನಾನವೂ ಸದ್ಯಕ್ಕೆ ಬೇಡ, ವಾಸನೆ ಬಂದರೆ ನೀವು ಸಹಿಸಿಕೊಳ್ಳಿ. ಚೆನ್ನಾಗಿ ನಿದ್ದೆ ಮಾಡಲು ಬಿಡಿ. ಬೆಳೆದ ನಾಯಿಗೂ ದಿನದ ಅರ್ಧ ಹೊತ್ತು ನಿದ್ದೆ ಬೇಕು. ಕೆಲವು ವಾರವಾದ ಮೇಲೆ ಇದೇ ನಾಯಿ ಬೊಗಳಬಹುದು, ಚಪ್ಪಲಿ ಕಡಿಯಬಹುದು. ಆಗ 'ಹಾಳಾಯಿತು' ಅಂತ ನನಗೆ ಬರೆಯಬೇಡಿ, ಖುಷಿ ಪಡಿ. ಚಪ್ಪಲಿ ಮಾತ್ರ ಎತ್ತಿಡಿ.

ಪ್ರಶ್ನೆ: ನಾನು ಒಬ್ಬಳೇ ಇರುವುದು. ನಾಯಿ ನನ್ನನ್ನು ಬಿಟ್ಟಿರುವುದಿಲ್ಲ. ಬಾತ್‌ರೂಮಿಗೆ ಹೋದರೂ ಬಾಗಿಲು ಕೆರೆಯುತ್ತದೆ. ರಾತ್ರಿ ಹಾಲ್‌ನಲ್ಲಿ ಮಲಗಿಸಿದರೆ ಅಳುತ್ತದೆ. ಸಮಾಧಾನ ಮಾಡಿದರೆ ಭಯ ಇನ್ನೂ ಜಾಸ್ತಿಯಾಗುತ್ತದೆ ಎಂದು ಯಾರೋ ಹೇಳಿದರು. ರಜೆ ಮುಗಿಯುತ್ತಾ ಬಂತು.

ಉತ್ತರ: ಸಮಾಧಾನ ಮಾಡಿ, ಧಾರಾಳವಾಗಿ. ಭಯ ಒಂದು ಭಾವನೆ, ತಿಂಡಿಗಾಗಿ ಮಾಡುವ ಆಟವಲ್ಲ. ಪಕ್ಕದಲ್ಲಿ ಕೂತರೆ ಅದು ಬೆಳೆಯುವುದಿಲ್ಲ. ಇಂದು ರಾತ್ರಿಯೇ ಅದರ ಹಾಸಿಗೆ ನಿಮ್ಮ ಕೋಣೆಗೆ ಬರಲಿ.

ಒಬ್ಬಂಟಿಯಾಗಿರುವುದನ್ನು ಸೆಕೆಂಡುಗಳ ಲೆಕ್ಕದಲ್ಲಿ ಕಲಿಸಬೇಕು. ಬಾಗಿಲು ಮುಚ್ಚಿ, ಅದು ಕೆರೆಯುವ ಮೊದಲೇ ತೆರೆಯಿರಿ. ಏನೂ ಆಗಿಲ್ಲವೆಂಬಂತೆ ಓಡಾಡಿ. ಅಷ್ಟು ಹೊತ್ತು ಆರಾಮಾಗಿದ್ದರೆ ಇನ್ನೂ ಸ್ವಲ್ಪ ಹೆಚ್ಚಿಸಿ. ಕೆಲವೊಮ್ಮೆ ಬೀಗದ ಕೈ ಎತ್ತಿಕೊಂಡು ಎಲ್ಲಿಗೂ ಹೋಗದೆ ಟಿವಿ ಮುಂದೆ ಕೂರಿ. ಆ ಸದ್ದಿಗೆ ಅರ್ಥವೇ ಇಲ್ಲದಂತಾಗಲಿ. ಹಳೆಯ ಫೋನನ್ನು ಕ್ಯಾಮೆರಾ ಮಾಡಿ ನೀವಿಲ್ಲದಾಗ ಏನು ನಡೆಯುತ್ತದೆ ನೋಡಿ. ಈ ಪಾಠ ನಡೆಯುವಾಗ ಅದಕ್ಕೆ ಆಗದಷ್ಟು ಹೊತ್ತು ಬಿಟ್ಟುಹೋದರೆ ಕಲಿತದ್ದು ಹಿಂದೆ ಸರಿಯುತ್ತದೆ. ರಜೆ ಮುಗಿದ ಮೇಲೆ ಕೆಲವು ವಾರವಾದರೂ ಯಾರನ್ನಾದರೂ ಗೊತ್ತು ಮಾಡಲೇಬೇಕು. ಇದಕ್ಕೆ ಸುಲಭದ ಹಾದಿ ನನ್ನ ಬಳಿ ಇಲ್ಲ.

ಜೊಲ್ಲು ಸುರಿಸಿಕೊಂಡು ಬಾಗಿಲು, ಕಿಟಕಿ ಕಚ್ಚುತ್ತಿದ್ದರೆ ಕ್ರೇಟ್‌ನಲ್ಲಿ ಕೂಡಿಹಾಕಬೇಡಿ, ಹಲ್ಲು ಮುರಿದುಕೊಳ್ಳುತ್ತವೆ. ಪಶುವೈದ್ಯರನ್ನು ಕೇಳಿ. ಫ್ಲುಆಕ್ಸಿಟಿನ್, ಕ್ಲೋಮಿಪ್ರಮಿನ್ ಎಂಬ ಔಷಧಿಗಳನ್ನು ಈ ತೊಂದರೆಗೆ ಕೊಡುತ್ತಾರೆ. ಪರಿಣಾಮ ಕಾಣಲು ವಾರಗಳು ಬೇಕು, ಪಾಠವೂ ಜೊತೆಗೆ ನಡೆಯಬೇಕು. ಮನೆಯಲ್ಲಿರುವ ಮನುಷ್ಯರ ಮಾತ್ರೆಯನ್ನು ಅರ್ಧ ಮುರಿದು ಕೊಡುವ ಪ್ರಯೋಗ ಮಾತ್ರ ಬೇಡ.

ಪ್ರಶ್ನೆ: ನನ್ನನ್ನು ಕಂಡ ಕೂಡಲೇ ಉಚ್ಚೆ ಹೊಯ್ದುಬಿಡುತ್ತದೆ. ಹೆಂಡತಿಯನ್ನು ಕಂಡರೆ ಇಲ್ಲ. ನನ್ನ ಮೇಲೆ ದ್ವೇಷವಾ?

ಉತ್ತರ: ಅಲ್ಲ. 'ನಿಮಗೆ ನನ್ನಿಂದ ತೊಂದರೆಯಿಲ್ಲ, ಏನೂ ಮಾಡಬೇಡಿ' ಅಂತ ಬೇಡಿಕೊಳ್ಳುತ್ತಿದೆ. ನಿಮ್ಮ ಎತ್ತರವೋ, ದನಿಯೋ, ನೇರ ಹತ್ತಿರ ಹೋಗಿ ಬಗ್ಗುವುದೋ ಕಾರಣವಿರಬಹುದು. ಮನೆಗೆ ಬಂದಾಗ ಅದನ್ನು ನೋಡದೆ, ಮಾತಾಡಿಸದೆ ಒಳಗೆ ಹೋಗಿ ಕೂರಿ. ಅದೇ ಬರಲಿ. ಬೈದರೆ ಇನ್ನೂ ಹೊಯ್ಯುತ್ತದೆ. ಎಂಜೈಮ್ ಇರುವ ಕ್ಲೀನರ್‌ನಿಂದ ಒರೆಸಿ, ಅಮೋನಿಯಾ ಇರುವುದು ಬೇಡ, ಅದರ ವಾಸನೆಯೇ ಉಚ್ಚೆಯ ಹಾಗಿರುತ್ತದೆ. ನೀವಿಲ್ಲದಾಗಲೂ ಸೋರುತ್ತಿದ್ದರೆ ಮೂತ್ರದ ಸೋಂಕಿದೆಯಾ ಅಂತ ಪರೀಕ್ಷೆ ಮಾಡಿಸಿ.

ಪ್ರಶ್ನೆ: ಶೆಲ್ಟರ್‌ನವರು ಇಟ್ಟ ಹೆಸರು ಬದಲಿಸಬಹುದಾ? ನಮ್ಮ ಮಗ ಏಳು ಅಕ್ಷರದ ಹೆಸರೊಂದನ್ನು ಆರಿಸಿದ್ದಾನೆ.

ಉತ್ತರ: ಧಾರಾಳವಾಗಿ. ಹೊಸ ಹೆಸರು ಹೇಳಿ, ಒಂದು ಚೂರು ತಿಂಡಿ ಕೊಡಿ. ಹಾಗೇ ದಿನಕ್ಕೆ ಕೆಲವು ಸಲ. ಬೈಯುವಾಗ, ಉಗುರು ಕತ್ತರಿಸುವಾಗ ಆ ಹೆಸರು ಬಳಸಬೇಡಿ, ಕರೆದರೆ ಬರದಿರಲು ಕಲಿಯುತ್ತದೆ. ಏಳು ಅಕ್ಷರವನ್ನು ಮಗನ ಜೊತೆ ಚೌಕಾಸಿ ಮಾಡಿ ಎರಡಕ್ಕೆ ಇಳಿಸಿ. ರಸ್ತೆಯಲ್ಲಿ ನಿಂತು ಗಂಟಲು ಹರಿಯುವಂತೆ ಕೂಗಬೇಕಾಗಿ ಬರುವುದು ನಿಮಗೇ, ಮಗನಿಗಲ್ಲ.