ಓದುಗರ ಪ್ರಶ್ನೆ: ಸ್ಯಾಂಟೊರಿನಿಯ ಎದುರು ದಡದ ಹಳ್ಳಿ

ಪ್ರಶ್ನೆ: ಮುಂದಿನ ಮೇ ತಿಂಗಳಲ್ಲಿ ತಾಯಿಯವರನ್ನು ಕರೆದುಕೊಂಡು ಗ್ರೀಸ್ ಪ್ರವಾಸಕ್ಕೆ ಹೊರಟಿದ್ದೇನೆ. ಸ್ಯಾಂಟೊರಿನಿ ದ್ವೀಪವನ್ನು ನೋಡುವ ಆಸೆಯಿದ್ದರೂ ಅಲ್ಲಿಯ ಜನಜಂಗುಳಿಯ ಚಿತ್ರಗಳನ್ನು ಕಂಡು ಹಿಂಜರಿಕೆಯಾಗಿದೆ. ಅಂಥದೇ ಕಡಿದಾದ ಬಂಡೆಯ ನೆತ್ತಿಯ ಮೇಲೆ ನೆಮ್ಮದಿಯಿಂದ ಇರಬಹುದಾದ ಹಳ್ಳಿ ಯಾವುದಾದರೂ ಇದೆಯೇ? ತಾಯಿಯವರಿಗೆ ಮಂಡಿನೋವು, ನಾವು ಸಸ್ಯಾಹಾರಿಗಳು. ಜ್ವಾಲಾಮುಖಿಯ ಅಪಾಯವಿದೆಯೆಂದೂ ಕೆಲವರು ಹೆದರಿಸುತ್ತಾರೆ.
– ಓದುಗರೊಬ್ಬರು, ಧಾರವಾಡ

ಉತ್ತರ: ಇದೆ, ಅದೂ ಸ್ಯಾಂಟೊರಿನಿಯ ಕಣ್ಣೆದುರಿಗೇ ಇದೆ. ಸೂರ್ಯಾಸ್ತ ನೋಡಲು ಜನ ಮುಗಿಬೀಳುವ ಇಯಾ ಊರಿನಿಂದ ಪಶ್ಚಿಮಕ್ಕೆ ನೋಡಿದರೆ ಕಾಣುವ ಚಿಕ್ಕ ದ್ವೀಪವೇ ಥಿರಾಸಿಯಾ; ಅದರ ಬಂಡೆಯಂಚಿನ ಮೇಲಿರುವ ಹಳ್ಳಿ ಮನೋಲಾಸ್. ಸುಮಾರು 3,600 ವರ್ಷಗಳ ಹಿಂದೆ ನಡೆದ ಭಾರಿ ಸ್ಫೋಟದಲ್ಲಿ ಜ್ವಾಲಾಮುಖಿಯ ನಡುಭಾಗ ಕುಸಿದು ಸಮುದ್ರ ಒಳನುಗ್ಗಿದಾಗ, ಹೊರಗೋಡೆಯಾಗಿ ಉಳಿದ ತುಣುಕುಗಳೇ ಈ ಎರಡೂ ದ್ವೀಪಗಳು. ಹಾಗಾಗಿ ಮನೋಲಾಸ್‌ನಲ್ಲಿ ನಿಂತವರಿಗೆ ಕಾಣುವುದು ಅದೇ ನೀಲಿ ಕೊಲ್ಲಿ, ಅದೇ ಕಪ್ಪು-ಕೆಂಪು ಪದರಗಳ ಬಂಡೆ. ಆದರೆ ಇಡೀ ದ್ವೀಪದಲ್ಲಿ ಇರುವವರು ಕೆಲವೇ ನೂರು ಜನ.

ಹಗಲು ಹೊತ್ತಿನಲ್ಲಿ ಪ್ರವಾಸಿ ದೋಣಿಗಳು ಇಲ್ಲಿಗೂ ಬರುತ್ತವೆ. ಬಂದವರಲ್ಲಿ ಹೆಚ್ಚಿನವರು ಬಂಡೆಯ ಬುಡದಲ್ಲಿರುವ ಕೊರ್ಫೋಸ್ ದೋಣಿಕಟ್ಟೆಯಲ್ಲೇ ಊಟ ಮುಗಿಸಿ ಹಿಂದಿರುಗುವುದರಿಂದ, ಮೇಲಿನ ಹಳ್ಳಿಗೆ ಅವರ ಗದ್ದಲ ತಲುಪುವುದು ಕಡಿಮೆ. ನಾನು ಅಲ್ಲಿ ತಂಗಿದ್ದು ಒಂದೇ ರಾತ್ರಿ. ಕೊನೆಯ ದೋಣಿ ಹೋದ ಮೇಲೆ ಬೀದಿಯಲ್ಲಿ ಉಳಿದದ್ದು ಗೋಡೆಯ ಮೇಲೆ ಮಲಗಿದ್ದ ಎರಡು ಬೆಕ್ಕು ಮತ್ತು ಯಾರದೋ ಮನೆಯಲ್ಲಿ ಪಾತ್ರೆ ತೊಳೆಯುವ ಸದ್ದು. ಎದುರು ದಡದಲ್ಲಿ ಇಯಾದ ದೀಪಗಳು ಜಾತ್ರೆಯಂತೆ ಹೊತ್ತಿಕೊಂಡಿದ್ದವು. ಜಾತ್ರೆಯನ್ನು ದೂರದಿಂದ ನೋಡುವುದೇ ಹಿತವೆಂದು ನನಗೆ ಅನಿಸಿತು. ಆದ್ದರಿಂದ ನನ್ನ ಸಲಹೆ, ಹೋಗುವುದಾದರೆ ಅಲ್ಲಿ ರಾತ್ರಿ ಉಳಿಯಿರಿ. ಎರಡು ತಾಸಿನ ಭೇಟಿಗೆಂದು ಹೋದರೆ ಮೆಟ್ಟಿಲು ಹತ್ತಿದ ಆಯಾಸವಷ್ಟೇ ನೆನಪಿನಲ್ಲಿ ಉಳಿದೀತು.

ಆ ಮೆಟ್ಟಿಲುಗಳ ವಿಷಯದಲ್ಲಿ ತಾಯಿಯವರ ಸಲುವಾಗಿ ಎಚ್ಚರ ವಹಿಸಬೇಕು. ಕೊರ್ಫೋಸ್‌ನಿಂದ ಮನೋಲಾಸ್‌ಗೆ ಬಂಡೆಯ ಮೈಮೇಲೆ ಅಂಕುಡೊಂಕಾಗಿ ಹತ್ತುವ ಕಲ್ಲುಹಾಸಿನ ದಾರಿ ಹೇಸರಗತ್ತೆಗಳ ನಡಿಗೆಗೆ ಹೊಂದುವಂಥದು. ಒಂದೊಂದು ಮೆಟ್ಟಿಲೂ ಅಗಲವಾಗಿ, ಇಳಿಜಾರಾಗಿ, ಸವೆದು ನುಣುಪಾಗಿರುವುದರಿಂದ ಹತ್ತುವುದಕ್ಕಿಂತ ಇಳಿಯುವುದೇ ಮಂಡಿಗೆ ಕಷ್ಟ. ಕತ್ತೆಯ ಮೇಲೆ ಕೂರಿಸುವ ಯೋಚನೆಯನ್ನೂ ಬಿಡಿ. ಇದಕ್ಕೆ ಬದಲಾಗಿ ದ್ವೀಪದ ಉತ್ತರದಲ್ಲಿರುವ ರಿವಾ ಬಂದರಿನಲ್ಲಿ ಇಳಿದರೆ ಅಲ್ಲಿಂದ ಹಳ್ಳಿಯವರೆಗೆ ವಾಹನ ಹೋಗುವ ರಸ್ತೆಯಿದೆ. ಕೋಣೆ ಕಾಯ್ದಿರಿಸುವಾಗಲೇ ಮನೆಯವರಿಗೆ ತಿಳಿಸಿ, ರಿವಾದಿಂದ ಮೇಲೆ ಕರೆದೊಯ್ಯುವ ವ್ಯವಸ್ಥೆಯನ್ನು ಕೇಳಿಕೊಳ್ಳಿ. ಇಯಾದ ಕೆಳಗಿನ ಅಮ್ಮೂದಿ ದೋಣಿಕಟ್ಟೆಯಿಂದ ಥಿರಾಸಿಯಾಕ್ಕೆ ದಾಟಲು ಹೆಚ್ಚು ಹೊತ್ತು ಬೇಕಿಲ್ಲ. ಅಮ್ಮೂದಿಗೂ ಮೆಟ್ಟಿಲಲ್ಲದೆ ರಸ್ತೆಯಿದೆ.

ನಡೆಯುವಾಗ ಬಂಡೆಯ ಮೇಲ್ಪದರದ ಬಿಳಿ ಬೂದಿಯನ್ನು ಒಮ್ಮೆ ಗಮನಿಸಿ. ಅದರಲ್ಲಿ ಸಿಗುವ ಪ್ಯೂಮಿಸ್ ಕಲ್ಲು, ಹಿಮ್ಮಡಿ ಉಜ್ಜಲು ನಮ್ಮ ಅಂಗಡಿಗಳಲ್ಲಿ ಮಾರುವ ಅದೇ ಹಗುರ ಕಲ್ಲು, ನೀರಿನಲ್ಲಿ ತೇಲುತ್ತದೆ. ಈ ಬೂದಿಯನ್ನು ಸುಣ್ಣದೊಂದಿಗೆ ಬೆರೆಸಿದರೆ ನೀರಿನಲ್ಲೂ ಗಟ್ಟಿಯಾಗುವ ಗಾರೆ ಸಿಗುವುದರಿಂದ, 1860ರ ದಶಕದಲ್ಲಿ ಸೂಯೆಜ್ ಕಾಲುವೆಯ ಕಾಮಗಾರಿಗಾಗಿ ಥಿರಾಸಿಯಾದಲ್ಲಿ ಇದನ್ನು ಅಗೆದು ಸಾಗಿಸಿದರು. ಹಾಗೆ ಅಗೆಯುವಾಗಲೇ ಬೂದಿಯ ಅಡಿಯಲ್ಲಿ ಹೂತುಹೋಗಿದ್ದ ಪ್ರಾಚೀನ ಮನೆಯ ಗೋಡೆಗಳು ಕಾಣಿಸಿದವು. ಫ್ರೆಂಚ್ ಭೂವಿಜ್ಞಾನಿ ಫೂಕೆ 1867ರಲ್ಲಿ ಅವುಗಳನ್ನು ಪರಿಶೀಲಿಸಿದರು. ಸ್ಯಾಂಟೊರಿನಿಯಲ್ಲಿ ಹೀಗೆಯೇ ಬೂದಿಯಡಿ ಹೂತಿದ್ದ ಪ್ರಸಿದ್ಧ ಪ್ರಾಚೀನ ಪಟ್ಟಣ ಅಕ್ರೋತಿರಿಯಲ್ಲಿ ಗ್ರೀಕ್ ಪುರಾತತ್ವಜ್ಞ ಮಾರಿನಾಟೋಸ್ ಅವರ ಉತ್ಖನನ ಆರಂಭವಾದದ್ದು ಇದಾಗಿ ನೂರು ವರ್ಷಗಳ ಮೇಲೆ, 1967ರಲ್ಲಿ.

ಊಟಕ್ಕೆ ‘ಫಾವಾ’ ಕೇಳಿ. ಇದು ಹಳದಿ ಬೇಳೆಯನ್ನು ಬೇಯಿಸಿ ನುಣ್ಣಗೆ ಕಡೆದು, ಮೇಲೆ ಆಲಿವ್ ಎಣ್ಣೆ, ಹಸಿ ಈರುಳ್ಳಿ ಹಾಕಿ ಕೊಡುವ ಪದಾರ್ಥ. ಒಗ್ಗರಣೆ ಮರೆತ ಗಟ್ಟಿ ತೊವ್ವೆಯೆನ್ನಬಹುದು. ಆ ಬೇಳೆ ನಮ್ಮ ಕೇಸರಿ ಬೇಳೆಯ ದಾಯಾದಿ. ‘ನಿಸ್ತಿಸಿಮೊ’ ಎಂದರೆ ಅಲ್ಲಿಯವರ ಉಪವಾಸದ ಅಡುಗೆ. ಅದರಲ್ಲಿ ಮಾಂಸ, ಮೊಟ್ಟೆ, ಹಾಲು ಇರುವುದಿಲ್ಲವಾದರೂ ಸಿಗಡಿ ಮತ್ತು ಆಕ್ಟೋಪಸ್‌ಗೆ ನಿಷೇಧವಿಲ್ಲವೆಂಬುದನ್ನು ಮರೆಯದೆ ಬಿಡಿಸಿ ಕೇಳಿ.

ಇನ್ನು ಜ್ವಾಲಾಮುಖಿ. ಕೊಲ್ಲಿಯ ನಡುವಿನ ಜ್ವಾಲಾಮುಖಿ ದ್ವೀಪ ನಿಯಾ ಕಮೇನಿ ಕೊನೆಯ ಬಾರಿ ಸ್ಫೋಟಿಸಿದ್ದು 1950ರಲ್ಲಿ. 2025ರ ಆರಂಭದಲ್ಲಿ ವಾರಗಟ್ಟಲೆ ಭೂಕಂಪಗಳು ಆದಾಗ ಸಾವಿರಾರು ಜನ ಸ್ಯಾಂಟೊರಿನಿಯನ್ನು ಬಿಟ್ಟು ಹೋಗಿದ್ದರು. ಆಮೇಲೆ ಅವು ತಣ್ಣಗಾದವು. ಹೆದರಿ ಪ್ರವಾಸ ಬಿಡುವಷ್ಟು ಕಾರಣ ನನಗೆ ಕಾಣದು. ಹೊರಡುವ ವಾರ ಗ್ರೀಕ್ ಸರ್ಕಾರದ ಸೂಚನೆಗಳನ್ನು ನೋಡಿಕೊಳ್ಳಿ, ಬಂಡೆಯ ಅಂಚಿಗೆ ಹೋಗಬೇಡಿ. ದೈನಂದಿನ ತೊಂದರೆ ಕೊಡುವುದು ಗಾಳಿ. ಅದು ಜೋರಾದರೆ ಸಣ್ಣ ದೋಣಿಗಳು ನಿಲ್ಲುತ್ತವೆ. ಆದಕಾರಣ ಮನೋಲಾಸ್‌ನ ವಾಸ್ತವ್ಯವನ್ನು ಪ್ರವಾಸದ ನಡುವೆ ಇಟ್ಟುಕೊಳ್ಳಿ, ವಿಮಾನ ಹತ್ತುವ ಹಿಂದಿನ ದಿನಕ್ಕೆ ಬೇಡ.